ಬೋರಲು ಹಾಕದ ಹರಿಗೋಲು

"ಅಕ್ಕಾರ, ಆಪರೇಷನ್ ಮಾಡಿಸ್ಕೊಂಡು ಮೈ ಇಳಿಸೋದು ಛಲೋನೋ, ಊಟ, ನಡಿಗಿ ಅಂತ ನಿಸರ್ಗದ ದಾರಿಯಾಗ ಇಳಿಸೋದು ಛಲೋನೋ?"

ದಾಕ್ಷಾಯಿಣಿ ಇದನ್ನು ಕೇಳಿದಾಗ ಪಡಸಾಲೆಯಲ್ಲಿ ಆಶ್ರಮದ ಹಿರಿಯರಾದ ಅಕ್ಕನವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿಯೇ ಅವಳು ಬಂದಿದ್ದಳು. ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಅವಳು ಮಾತ್ರ ಮೈತುಂಬ ದಪ್ಪ ಶಾಲು ಹೊದ್ದಿದ್ದಳು. ಬಂದ ಕೂಡಲೇ ಅಕ್ಕನವರು, "ಸೆಕಿ ಆಗೂದಿಲ್ಲೇನವ್ವಾ?" ಎಂದು ಕೇಳಿದ್ದರು. "ರೂಢಿ ಆಗೈತ್ರಿ" ಎಂದು ಅವಳು ಶಾಲನ್ನು ಇನ್ನಷ್ಟು ಎಳೆದುಕೊಂಡಿದ್ದಳು.

ದಾಕ್ಷಾಯಿಣಿ ಆಶ್ರಮದ ಶಾಲೆಯಲ್ಲಿ ಹುಡುಗಿಯರಿಗೆ ಗಣಿತ ಕಲಿಸುವವಳು. ಅವಳಿಗೆ ಪಿಸಿಓಎಸ್ ಇತ್ತು. ಮೈಯೊಳಗಿನ ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿತ್ತು. ಏರಿದ ತೂಕ ಹಟ ಹಿಡಿದು ಕೂತಿತ್ತು. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆ, ಇನ್ನು ಸುಮ್ಮನಿರುವಂತಿಲ್ಲ ಎಂದು ವೈದ್ಯೆ ಹೇಳಿದ್ದರು. ಹೊಟ್ಟೆಯ ಚೀಲವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಒಂದು ದಾರಿ, ಔಷಧಿಯ ಜೊತೆ ಊಟ ನಡಿಗೆಗಳನ್ನು ಹಿಡಿತಕ್ಕೆ ತರುವುದು ಇನ್ನೊಂದು, ಪರೀಕ್ಷೆ ಮುಗಿಸಿ ಬನ್ನಿ, ಕೂತು ನಿರ್ಧರಿಸೋಣ ಎಂದಿದ್ದರು.

ಅವಳು ಮತ್ತೆ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ತೂಕದ ಯಂತ್ರವನ್ನು ಜನ ಕೂರುವ ಕಡೆಯೇ ಇಟ್ಟಿದ್ದರು. ನರ್ಸ್ ಅಂಕಿಯನ್ನು ಕೂಗಿ ಹೇಳುತ್ತಿದ್ದಳು. ನಡಿಗೆಯೂ ನಿಂತಿತ್ತು. ಕಾಲುವೆಯ ದಾರಿಯಲ್ಲಿ ಯಾರೋ ನಕ್ಕರೆಂದು ಕೋಣೆಯೊಳಗೆ ನಡೆಯಲು ಶುರುಮಾಡಿದಳು. ಕೋಣೆ ಸಾಲದೆ ಅದನ್ನೂ ಬಿಟ್ಟಳು. ಇವನ್ನೆಲ್ಲ ಅವಳು ಸಣ್ಣ ಮಾತೆಂಬಂತೆ ನಡುವೆ ಹೇಳಿ ಮುಗಿಸಿದಳು. ದೊಡ್ಡ ಮಾತು ಬೇರೆಯೇ ಇತ್ತು. ಮದುವೆಯಾಗದ ಹುಡುಗಿಯ ಮೈಗೆ ಕತ್ತಿ ತಾಗಿಸಬಾರದು ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಜೊತೆಯ ಶಿಕ್ಷಕಿ ತನ್ನ ತಂಗಿ ಆಪರೇಷನ್ನಿನಿಂದ ಕಡ್ಡಿಯಂತಾದಳು ಎನ್ನುತ್ತಿದ್ದಳು. ಯಾರನ್ನು ನಂಬುವುದು?

"ನೀವು ಹೇಳಿದ್ದನ್ನ ಮಾಡ್ತೀನ್ರಿ. ಒಂದ ಮಾತು ಹೇಳ್ರಿ ಸಾಕು" ಎಂದಳು ದಾಕ್ಷಾಯಿಣಿ. ರಾತ್ರಿ ನಿದ್ದೆಯಿಲ್ಲದೆ ಇದನ್ನೇ ತಿರುವಿ ಹಾಕಿ ಅವಳಿಗೆ ಸಾಕಾಗಿತ್ತು.

ಅಕ್ಕನವರು ಆ ಒಂದು ಮಾತು ಹೇಳಲಿಲ್ಲ. ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಜನರನ್ನು ದಾಟಿಸುವುದು ಅವನ ಕಸುಬು. ಅವನದು ಹರಿಗೋಲು, ಬಿದಿರ ಸೀಳುಗಳನ್ನು ಬುಟ್ಟಿಯ ಹಾಗೆ ಹೆಣೆದು, ಹೊರಗೆ ಚರ್ಮ ಹೊದಿಸಿದ ದುಂಡು ದೋಣಿ. ಆ ದಡದ ಅಂಬಿಗರಿಗೆಲ್ಲ ಒಂದು ಪದ್ಧತಿಯಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಹರಿಗೋಲನ್ನು ದಡಕ್ಕೆಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಚರ್ಮ ನೀರಿನಲ್ಲಿದ್ದಷ್ಟು ಹೊತ್ತು ನೀರು ಕುಡಿಯುತ್ತದೆ. ಬಿಸಿಲು ಕಂಡರೆ ಕುಡಿದದ್ದನ್ನು ಬಿಡುತ್ತದೆ. ಅಂಬಿಗರು ಉಂಡು ಒಂದಿಷ್ಟು ಅಡ್ಡಾಗಿ ಏಳುವಷ್ಟರಲ್ಲಿ ಹರಿಗೋಲು ಹಗುರಾಗಿರುತ್ತಿತ್ತು.

ಈ ಅಂಬಿಗನ ಪಾಲಿಗೆ ಬಂದ ಚರ್ಮದ ಗುಣ ಬೇರೆ. ಉಳಿದವರ ಚರ್ಮ ಒಂದು ಗುಟುಕು ಕುಡಿದರೆ ಇದು ಎರಡು ಗುಟುಕು ಕುಡಿಯುತ್ತಿತ್ತು. ಬಿಡುವಾಗ ಸತಾಯಿಸುತ್ತಿತ್ತು. ಅದನ್ನು ಅವನು ಹದ ಮಾಡಿದ್ದಲ್ಲ, ಆರಿಸಿ ತಂದದ್ದೂ ಅಲ್ಲ. ಬಂದದ್ದು ಹಾಗಿತ್ತು, ಅಷ್ಟೇ. ಅದರಿಂದಾಗಿ ಅವನ ಹರಿಗೋಲು ನೀರಿನಲ್ಲಿ ಎಲ್ಲರದಕ್ಕಿಂತ ತಗ್ಗಿ ತೇಲುತ್ತಿತ್ತು.

ದಡದಲ್ಲಿ ಕೂತವರಿಗೆ ಬೇರೆ ಕೆಲಸವಿರಲಿಲ್ಲ. "ಆಸೆಬುರುಕ ನೋಡ್ರಿ, ಕಂಡಕಂಡವರನ್ನೆಲ್ಲ ಹತ್ತಿಸ್ಕೊಂತಾನ" ಎಂದರು. ಅಂಬಿಗ ಹತ್ತಿಸಿಕೊಳ್ಳುವವರನ್ನು ಅರ್ಧಕ್ಕೆ ಇಳಿಸಿದ. ಹರಿಗೋಲು ಮೇಲೇಳಲಿಲ್ಲ. "ಏನೇನೋ ತುಂಬ್ಕೊಂಡಿರ್ತಾನ" ಎಂದರು. ಮನೆಯವಳು ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನೂ ದಡದಲ್ಲಿಟ್ಟು ಹಸಿದ ಹೊಟ್ಟೆಯಲ್ಲಿ ಹುಟ್ಟು ಹಾಕಿದ. ರೊಟ್ಟಿ ಕಾಗೆಗಳ ಪಾಲಾಯಿತು. ಹರಿಗೋಲು ಕೂದಲೆಳೆಯಷ್ಟೂ ಮೇಲೇಳಲಿಲ್ಲ. "ಕದ್ದು ತಿಂತಾನ" ಎಂದರು. ಅಂಥ ಬಾಯಿಗಳಿಗೆ ಉತ್ತರ ಕೊಟ್ಟು ಗೆದ್ದವರನ್ನು ನಾನಂತೂ ಕಂಡಿಲ್ಲ.

ಒಂದು ಮಧ್ಯಾಹ್ನ ಅವನು ಎಲ್ಲರಂತೆ ಹರಿಗೋಲನ್ನು ಬೋರಲು ಹಾಕಿದಾಗ ನಾಲ್ಕು ಜನ ಸುತ್ತ ನೆರೆದರು. ಚರ್ಮ ಉಬ್ಬಿತ್ತು, ಅಲ್ಲಲ್ಲಿ ಕಪ್ಪಾಗಿತ್ತು. ಒಬ್ಬ ಕಾಲಿನಿಂದ ಒತ್ತಿ ನೋಡಿದ. ಎಲ್ಲರೂ ನಕ್ಕರು. ಅಂಬಿಗನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮರುದಿನದಿಂದ ಅವನು ಊಟದ ಹೊತ್ತಿಗೆ ಹರಿಗೋಲನ್ನು ದಡಕ್ಕೆಳೆಯಲಿಲ್ಲ. ಹೊಳೆಯ ತಿರುವಿಗೆ ಒಯ್ದು, ಜೊಂಡಿನ ಮರೆಯಲ್ಲಿ, ನೀರಿನಲ್ಲೇ ಕಟ್ಟಿ ಹಾಕಿದ.

ಮರೆಯಲ್ಲಿ ನಗುವವರಿರಲಿಲ್ಲ. ಬಿಸಿಲೂ ಇರಲಿಲ್ಲ. ಚರ್ಮ ಮಧ್ಯಾಹ್ನವಿಡೀ ನೀರು ಕುಡಿಯಿತು. ಹರಿಗೋಲು ಇನ್ನಷ್ಟು ತಗ್ಗಿತು. ತಗ್ಗಿದಷ್ಟೂ ಅವನು ಅದನ್ನು ಇನ್ನಷ್ಟು ಒಳಗೆ ಬಚ್ಚಿಟ್ಟ. ದಡ್ಡನೇನಲ್ಲ ಅವನು. ಹೊಳೆಯ ಸುಳಿಗಳೆಲ್ಲ ಅವನಿಗೆ ಕಂಠಪಾಠ. ನಾಚಿಕೆ ಮಾತ್ರ ಅವನ ಕಣ್ಣು ಕಟ್ಟಿತ್ತು.

ಮಳೆಗಾಲ ಹತ್ತಿರ ಬಂತು. ತುಂಬಿದ ಹೊಳೆಯಲ್ಲಿ ತಗ್ಗಿದ ಹರಿಗೋಲು ಉಳಿಯುವುದಿಲ್ಲ. ಮುಳುಗಿದರೆ ತಾನೊಬ್ಬನೇ ಮುಳುಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೇಲಿನ ದಡದಲ್ಲಿದ್ದ ಒಬ್ಬ ಹಿರಿಯ ಅಂಬಿಗನ ಬಳಿಗೆ ಹೋದ.

"ಯಜ್ಜಾ, ಬಿಸಿಲಿಗೆ ಹಾಕಿ ಸರಿ ಮಾಡ್ಲೋ, ಕೊಯ್ದು ಹೊಸ ಚರ್ಮ ಹೊಲಿಸ್ಲೋ?"

"ಬಿಸಿಲು ತೋರಿಸಿ ಎಣ್ಣಿ ತಿಕ್ಕಿದ್ರ ಬಹಳ ಚರ್ಮ ತಿರುಗಿ ಬರ್ತಾವ. ತಡ ಆಗ್ತೈತಿ, ಆದ್ರ ಬರ್ತಾವ. ನಿಂದು ಬರ್ತೈತೋ ಇಲ್ಲೋ, ಬೋರಲು ಹಾಕು, ನೋಡಿ ಹೇಳ್ತೀನಿ."

"ನೋಡೂದೇನು ಬ್ಯಾಡ್ರಿ, ಹಂಗ ಹೇಳ್ರಿ."

"ಹಂಗ ಹೇಳಾಕ ನಾನೇನು ಶಕುನ ಹೇಳಾಂವನೇನೋ?" ಎಂದು ಮುದುಕ ನಕ್ಕ.

ಅಂಬಿಗ ಚರ್ಮ ಹೊಲಿಯುವವನ ಬಳಿಗೆ ಹೋದ. ಅವನೂ ಕೇಳಿದ್ದಕ್ಕೆ ನೇರ ಉತ್ತರ ಕೊಡಲಿಲ್ಲ. "ಕೆಲವಕ್ಕ ಕೊಯ್ದು ಹೊಲಿಯೂದ ಸರಿ. ಹೊತ್ತು ಕಳದ್ರ ಬಿದಿರೂ ಕೊಳೀತೈತಿ. ಆದ್ರ ಒಂದು ತಿಳ್ಕೊ, ನಾ ಹೊಲಿದ ಮ್ಯಾಲೂ ನೀ ದಿನಾ ಬಿಸಿಲು ತೋರಿಸಬೇಕು. ಇಲ್ಲಂದ್ರ ಹೊಸ ಚರ್ಮಾನೂ ಹಳೇದರ ದಾರಿನ ಹಿಡೀತೈತಿ. ಮೊದಲು ಬೋರಲು ಹಾಕು, ನೋಡೂಣು" ಎಂದ.

"ದಡದಾಗ? ಎಲ್ಲಾರ ಮುಂದ?"

"ಮತ್ತ ನೀರಾಗ ಮುಳುಗಿ ನೋಡ್ಲೇನು?"

ಅಂಬಿಗ ಹಾಗೇ ತಿರುಗಿ ಬಂದ. ಕೇಳಿದವರಿಗೆಲ್ಲ, "ಬಿಸಿಲೋ ಕತ್ತಿಯೋ ಅಂತ ಇನ್ನೂ ವಿಚಾರ ಮಾಡಾಕತ್ತೀನಿ" ಎಂದು ಹೇಳಿದ. ವಿಚಾರ ಮಾಡುತ್ತಿದ್ದೇನೆ ಎನ್ನುವುದು ಬಹಳ ಮರ್ಯಾದೆಯ ಮಾತು. ಅದರ ಹಿಂದೆ ಎಷ್ಟು ದಿನ ಬೇಕಾದರೂ ಅಡಗಿ ಕೂರಬಹುದು.

ಇಲ್ಲಿ ಅಕ್ಕನವರು ಒಂದು ಗುಟುಕು ನೀರು ಕುಡಿದರು. ದಾಕ್ಷಾಯಿಣಿ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಅಕ್ಕನವರು ಅದನ್ನು ಕಂಡರೂ ಕಾಣದವರಂತೆ ಕತೆ ಮುಂದುವರಿಸಿದರು.

ಹೊಸ ನೀರು ಬಂತು. ಒಬ್ಬ ಮುದುಕಿ ದಡಕ್ಕೆ ಬಂದಳು. ಆಚೆ ದಡದ ಊರಿನಲ್ಲಿ ಅವಳ ಮಗಳು ಹೆತ್ತಿದ್ದಳು. ಬಾಣಂತಿಯನ್ನು ನೋಡುವ ಆತುರ ಮುದುಕಿಗೆ. ಉಳಿದ ಹರಿಗೋಲುಗಳೆಲ್ಲ ಆಚೆ ಹೋಗಿದ್ದವು. ಅಂಬಿಗ ಅವಳೊಬ್ಬಳನ್ನೇ ಹತ್ತಿಸಿಕೊಂಡ. ಮೂಳೆ ಚಕ್ಕಳದ ಮುದುಕಿ, ಅವಳದೇನು ಭಾರ? ಆದರೂ ನಡುಹೊಳೆಯಲ್ಲಿ ಹರಿಗೋಲು ವಾಲಿತು. ಅಂಚು ದಾಟಿ ನೀರು ಒಳನುಗ್ಗಿತು. ಅಂಬಿಗ ಜೀವ ಕೈಯಲ್ಲಿ ಹಿಡಿದು ಹುಟ್ಟು ಹಾಕಿದ. ಹೇಗೋ ಆಚೆ ದಡ ಮುಟ್ಟಿದರು.

ಮುದುಕಿ ತೊಯ್ದು ತೊಪ್ಪೆಯಾಗಿದ್ದಳು. ಹಲ್ಲು ಕಟಕಟ ಎನ್ನುತ್ತಿದ್ದವು. ದಡಕ್ಕೆ ಕಾಲಿಟ್ಟವಳು ಕೈ ಮುಗಿದು ಹೇಳಿದಳು, "ತಪ್ಪಾತೋ ಯಪ್ಪಾ. ನನ್ನ ಭಾರಕ್ಕ ಹಿಂಗಾತು."

ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಅಲ್ಲ ಎಂದರೆ ಮತ್ತೇಕೆ ಎಂದು ಅವಳು ಕೇಳುತ್ತಾಳೆ. ಮತ್ತೇಕೆ ಎಂದರೆ ಹರಿಗೋಲಿನ ಅಡಿಯನ್ನು ತೋರಿಸಬೇಕಾಗುತ್ತದೆ. ಅಂಬಿಗ ತಲೆ ತಗ್ಗಿಸಿ ಸುಮ್ಮನಿದ್ದ.

ಆ ಮುದುಕಿ ಆಮೇಲೆ ಯಾರ ಹರಿಗೋಲನ್ನೂ ಹತ್ತಲಿಲ್ಲ. ಮೊಮ್ಮಗುವನ್ನು ನೋಡಬೇಕೆನಿಸಿದಾಗ ಕೋಲೂರಿಕೊಂಡು, ಮೇಲೆ ಹೊಳೆಗೆ ಅಡ್ಡ ಕಟ್ಟಿದ ಕಟ್ಟೆಯ ಸುತ್ತುದಾರಿ ಹಿಡಿದು ಹೋಗುತ್ತಿದ್ದಳು. ಒಂದು ದಿನ ಅಂಬಿಗ ಅದನ್ನು ಕಂಡ. ದಾರಿಯ ನಡುವೆ ಅವಳು ಕಲ್ಲೊಂದರ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು.

ತನ್ನದಲ್ಲದ ತಪ್ಪನ್ನು ಹೊತ್ತು ತಿರುಗುವುದು ಎಂಥ ಸಂಕಟ ಎಂದು ಅಂಬಿಗನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದನ್ನೇ ಅವನು ಇನ್ನೊಬ್ಬರ ತಲೆಗೆ ಹೊರಿಸಿದ್ದ. ಜೊಂಡಿನ ಮರೆಯಲ್ಲಿ ಕೂತು ಅತ್ತ.

ಮರುದಿನ ಮಳೆ ಬಿಡುವು ಕೊಟ್ಟಿತ್ತು. ಊಟದ ಹೊತ್ತಿಗೆ ಸರಿಯಾಗಿ ಅವನು ಹರಿಗೋಲನ್ನು ಎಲ್ಲರ ನಡುವಿಗೆ ಎಳೆದು ತಂದು ಬೋರಲು ಹಾಕಿದ. ಜನ ಸೇರಿದರು, ನಕ್ಕರು. ಅವನು ಅಲ್ಲೇ ನಿಂತಿದ್ದ. ನಕ್ಕವರೂ ಎಷ್ಟೆಂದು ನಕ್ಕಾರು? ನಗುವವರಿಗೂ ಹಸಿವಾಗುತ್ತದೆ. ಒಬ್ಬೊಬ್ಬರಾಗಿ ಎದ್ದು ಉಣ್ಣಲು ಹೋದರು. ಆಗ ಹಿರಿಯ ಅಂಬಿಗ ಬಂದ. ಚರ್ಮ ಹೊಲಿಯುವವನೂ ಬಂದ. ಇಬ್ಬರೂ ಬಗ್ಗಿ ನೋಡಿದರು, ಹೆಬ್ಬೆರಳಿನಿಂದ ಒತ್ತಿದರು, ಮೂಸಿದರು, ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಅವನನ್ನೂ ಕೂರಿಸಿಕೊಂಡು ಏನಾಗಿದೆ, ಏನು ಮಾಡಬಹುದು ಎಂದು ಬಿಡಿಸಿ ಹೇಳಿದರು. ಮೂವರೂ ಕೂಡಿ ಒಂದು ನಿರ್ಧಾರಕ್ಕೆ ಬಂದರು.

ಅಂದು ಸಂಜೆ ಅಂಬಿಗ ಮುದುಕಿಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದ, "ಯವ್ವಾ, ಅವತ್ತು ಅದು ನಿನ್ನ ಭಾರಕ್ಕ ಆಗಿದ್ದಲ್ಲ."

ಅಕ್ಕನವರು ಕತೆ ನಿಲ್ಲಿಸಿದರು. ಇನ್ನೂ ಏನೋ ಬರುತ್ತದೆಂದು ದಾಕ್ಷಾಯಿಣಿ ಕಾದಳು. ಬರಲಿಲ್ಲ.

"ಅಕ್ಕಾರ, ಆಮ್ಯಾಲ? ಏನು ನಿರ್ಧಾರ ಮಾಡಿದ್ರು? ಬಿಸಿಲೋ, ಕತ್ತಿಯೋ?"

"ಅದು ಅವನ ಹರಿಗೋಲಿನ ಮಾತವ್ವಾ, ನಿನಗ್ಯಾಕ? ಬಿಸಿಲಾದ್ರ ಪುಣ್ಯ, ಕತ್ತಿಯಾದ್ರ ಪಾಪ ಅಂತ ನನಗಂತೂ ಯಾರೂ ಹೇಳಿಲ್ಲ. ನಿನ್ನದನ್ನ ನೋಡಿದವರು ನಿನಗ ಹೇಳ್ತಾರ."

ಮುದುಕಿ ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಂಡದ್ದು ದಾಕ್ಷಾಯಿಣಿಯ ಕಣ್ಣ ಮುಂದಿನಿಂದ ಸರಿಯಲಿಲ್ಲ. ತಾನೂ ಎಷ್ಟು ವರ್ಷದಿಂದ ಹಾಗೆ ಯಾರಯಾರಿಗೋ ಕೈ ಮುಗಿಯುತ್ತಿದ್ದೇನೆ, ತಪ್ಪಾಯಿತು, ನನ್ನ ಭಾರಕ್ಕೆ ಹೀಗಾಯಿತು ಎಂದು. ಆದರೂ ರೂಢಿ ಸುಲಭಕ್ಕೆ ಬಿಡುವುದಿಲ್ಲ. ಅವಳು ಎದ್ದು ನಿಂತು, ಜಾರಿದ ಶಾಲನ್ನು ಮತ್ತೆ ಭುಜದ ಮೇಲೆ ಎಳೆದುಕೊಂಡು, "ಹಂಗಾರ ನಾ ಇನ್ನೂ ಸ್ವಲ್ಪ ವಿಚಾರ ಮಾಡ್ತೀನ್ರಿ, ಅಕ್ಕಾರ" ಎಂದಳು.

ಅಕ್ಕನವರು ಅಂಗಳದ ಕಡೆ ನೋಡಿದರು. ಆಮೇಲೆ ಅವಳ ಕಡೆ ನೋಡಿದರು.

"ಇಷ್ಟು ಬಿಸಿಲೈತಿ, ದಾಕ್ಷಾಯಿಣಿ, ಆ ಶಾಲು ಯಾರ ಸಲುವಾಗಿ ಹೊದ್ಕೊಂಡೀ?"