ಗಾಳೆಪ್ಪನ ಕಾಲು

“ಗುರುಗಳೇ, ಬೇರೊಬ್ಬರು ಹುಟ್ಟಿಸಿದ ವೀರನನ್ನೇ ನಾನು ಇನ್ನೆಷ್ಟು ವರ್ಷ ಬರೆಯುತ್ತಾ ಕೂರಲಿ? ನನ್ನ ಚಿತ್ರ ಅನ್ನುವುದು ಯಾವಾಗ ಶುರುವಾಗುತ್ತದೆ?” ಎಂದು ಶಿಷ್ಯ ಕೇಳಿದ.

ಅವನ ತೊಡೆಯ ಮೇಲೆ ಅವನೇ ಚಿತ್ರ ಬರೆದು ತುಂಬಿಸಿದ ಮೂರು ದಪ್ಪ ಪುಸ್ತಕಗಳಿದ್ದವು. ಮೂರರಲ್ಲೂ ಒಂದೇ ಕಾಮಿಕ್ಸಿನ ಒಬ್ಬನೇ ವೀರ. ಮನೆಯವರು ನಗುತ್ತಿದ್ದರು. ಗೆಳೆಯರು ‘ಕಾಪಿ’ ಎಂದೇ ಅವನನ್ನು ಕರೆಯುತ್ತಿದ್ದರು. ಅಂದು ಅವನಿಗೆ ನಿಜವಾಗಿಯೂ ಬೇಸರವಾಗಿತ್ತು.

ಗುರುಗಳು ಕುಂಚ ತೊಳೆದಿಟ್ಟು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬಳು ದರ್ಜಿ ಇದ್ದಳು. ಹಗಲೆಲ್ಲ ರವಿಕೆ ಹೊಲಿಯುತ್ತಿದ್ದಳು. ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಅಂಗಡಿಯ ಅರ್ಧ ಬಾಗಿಲು ಹಾಕಿ ಕೆಂಚವ್ವನ ಚಿತ್ರ ಬರೆಯುತ್ತಿದ್ದಳು.

ಕೆಂಚವ್ವ ಆಕೆಯ ನೆಂಟಳೇನಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಒಂದು ಕಾಮಿಕ್ಸಿನ ನಾಯಕಿ. ಕುದುರೆ ಏರಿ ಊರೂರು ಸುತ್ತುವವಳು, ಅನ್ಯಾಯ ಕಂಡಲ್ಲಿ ಇಳಿಯುವವಳು. ಅವಳ ಕುದುರೆಯ ಹೆಸರು ಗಾಳೆಪ್ಪ. ಆ ಸೀಮೆಯಲ್ಲಿ ಕೆಂಚವ್ವನನ್ನು ಓದದ ಮನೆಯಿರಲಿಲ್ಲ. ಓದಿದವರಲ್ಲಿ ಕೆಲವರು ಅವಳನ್ನು ಬರೆಯಲು ಕೂತರು. ಬರೆದವರೆಲ್ಲ ಸೇರಿ ಒಂದು ಬಳಗ ಕಟ್ಟಿಕೊಂಡರು. ವರ್ಷಕ್ಕೊಂದು ಭಾನುವಾರ ಶಾಲೆಯ ದೊಡ್ಡ ಕೋಣೆಯಲ್ಲಿ ಸೇರುವುದು, ಉದ್ದ ಹಗ್ಗ ಕಟ್ಟಿ ತಮ್ಮ ತಮ್ಮ ಚಿತ್ರಗಳನ್ನು ಕ್ಲಿಪ್ಪು ಹಾಕಿ ನೇತುಬಿಡುವುದು, ನೋಡಿ ನೋಡಿ ಖುಷಿಪಡುವುದು, ಚಿತ್ರಾನ್ನ ತಿಂದು ಮನೆಗೆ ಹೋಗುವುದು. ಇಷ್ಟೇ ಬಳಗದ ಕೆಲಸ. ಲೋಕದಲ್ಲಿ ಇದಕ್ಕಿಂತ ಕೆಟ್ಟ ಕೆಲಸಕ್ಕೆ ಜನ ಸೇರುತ್ತಾರೆ.

ಬಳಗಕ್ಕೆ ಒಬ್ಬ ಹಿರಿಯನಿದ್ದ. ನಿವೃತ್ತ ಪೋಸ್ಟ್ ಮಾಸ್ತರ. ಮೊದಲ ಸಂಚಿಕೆಯಿಂದ ಎಲ್ಲವನ್ನೂ ಒಂದೂ ಪುಟ ಹರಿಯದಂತೆ ಇಟ್ಟುಕೊಂಡವನು. ಹಗ್ಗಕ್ಕೆ ಏರುವ ಮುನ್ನ ಪ್ರತಿ ಚಿತ್ರವೂ ಅವನ ಕಣ್ಣ ಮುಂದೆ ಹಾದು ಹೋಗಬೇಕು. ಕೆಂಚವ್ವನ ಅಂಗಿಗೆ ಐದು ಗುಂಡಿ ಇವೆಯೇ? ಎಡ ಹುಬ್ಬಿನ ಮೇಲೆ ಗಾಯ ಇದೆಯೇ? ಗಾಳೆಪ್ಪನ ಹಣೆಯಲ್ಲಿ ಬಿಳಿ ಬೊಟ್ಟು ಇದೆಯೇ? ಗಾಳೆಪ್ಪನ ಕಾಲಡಿ ಹುಲ್ಲು ಇದೆಯೇ?

ಈ ಹುಲ್ಲಿನ ವಿಷಯ ಹೇಳಬೇಕು. ಮೊದಲ ಸಂಚಿಕೆಯಿಂದಲೂ ಗಾಳೆಪ್ಪ ಎಲ್ಲಿ ನಿಂತರೂ, ಎಲ್ಲಿ ಓಡಿದರೂ, ಅವನ ಮಂಡಿಯವರೆಗೆ ಹುಲ್ಲು ಇರುತ್ತಿತ್ತು. ಹೊಲದಲ್ಲಿ ಹುಲ್ಲು ಸರಿ. ಮರಳಿನಲ್ಲೂ ಹುಲ್ಲು. ಕೋಟೆಯ ಬಾಗಿಲಲ್ಲೂ ಹುಲ್ಲು. ಒಮ್ಮೆ ಅರಮನೆಯ ಒಳಗೆ ರಾಜನ ಮುಂದೆ ನಿಂತಾಗಲೂ ಹುಲ್ಲು. ಬಳಗದವರು ಇದನ್ನು ಧ್ಯಾನ ಮಾಡಿದರು. ಗಾಳೆಪ್ಪ ದೇವಾಂಶದ ಕುದುರೆ, ಅವನು ಹೆಜ್ಜೆಯಿಟ್ಟಲ್ಲಿ ನೆಲ ಚಿಗುರುತ್ತದೆ ಎಂದು ಕಂಡುಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಾಲಕ್ಕೂ ಇರುತ್ತಾರೆ. ಪೋಸ್ಟ್ ಮಾಸ್ತರ ಹುಲ್ಲಿನ ಅರ್ಥದ ಬಗ್ಗೆ ನಲವತ್ತು ಪುಟದ ಪ್ರಬಂಧ ಬರೆದ. ಇಬ್ಬರು ಮೂವರು ಮನೆಯಲ್ಲಿ ಕುಂಡವಿಟ್ಟು ಹುಲ್ಲನ್ನೇ ಬೆಳೆಸಿದರು.

ದರ್ಜಿಯೂ ಹತ್ತು ವರ್ಷ ಹುಲ್ಲು ಬರೆದಳು. ಅವಳ ಕೈ ಬಲು ಶುದ್ಧ. ಒಂದೊಂದು ಎಸಳನ್ನೂ ಹೊಲಿಗೆ ಹಾಕಿದ ಹಾಗೆ ಎಳೆಯುತ್ತಿದ್ದಳು. “ಥೇಟ್ ಅಚ್ಚಿನ ಹಂಗೇ ಐತೆ” ಎಂದು ಜನ ಹೊಗಳಿದಾಗ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಹಗ್ಗದ ನಡುಮಧ್ಯದ ಜಾಗ ಅವಳದೇ ಎಂದು ಎಲ್ಲರಿಗೂ ಗೊತ್ತಿತ್ತು.

ಹನ್ನೊಂದನೆಯ ವರ್ಷ ಒಂದು ಸುದ್ದಿ ಬಂತು. ಕೆಂಚವ್ವ ಹುಟ್ಟಿ ಇಪ್ಪತ್ತೈದು ವರ್ಷವಾಯಿತು, ಅವಳನ್ನು ಬರೆಯುವ ಚಿತ್ರಕಾರನೇ ಈ ಸಲ ಬಳಗಕ್ಕೆ ಬರುತ್ತಾನೆ ಎಂದು. ದರ್ಜಿಯ ಸೂಜಿಗೆ ಎರಡು ದಿನ ದಾರ ಹೋಗಲಿಲ್ಲ. ತನ್ನ ಚಿತ್ರವನ್ನು ಆತ ಒಮ್ಮೆ ನೋಡಬೇಕು. ಹತ್ತು ವರ್ಷದಿಂದ ಅವಳಿಗಿದ್ದ ಆಸೆ ಅದೊಂದೇ.

ಏನು ಬರೆಯುವುದು ಎಂದು ಯೋಚಿಸುತ್ತಾ ಬಾಗಿಲಲ್ಲಿ ನಿಂತಳು. ಎದುರಿಗೆ ಅವಳ ಬೀದಿ. ಹೂವಿನವಳು, ಪಾತ್ರೆ ಅಂಗಡಿ, ಸೈಕಲ್ಲು ರಿಪೇರಿ, ಬಿಸಿಲಿಗೆ ಮೆತ್ತಗಾದ ಟಾರು ರಸ್ತೆ. ಕೆಂಚವ್ವ ಲೋಕವನ್ನೆಲ್ಲ ಸುತ್ತಿದ್ದಳು. ಈ ಬೀದಿಗೆ ಮಾತ್ರ ಬಂದಿರಲಿಲ್ಲ. ಬಂದರೆ ಹೇಗಿರುತ್ತದೆ? ಒಳಗೆ ಓಡಿ, ರವಿಕೆ ಕತ್ತರಿಸುವ ಕಂದು ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬೀದಿಯನ್ನು ಎಳೆದಳು. ನಡುವೆ ಗಾಳೆಪ್ಪನನ್ನು ತಂದಳು. ಮೇಲೆ ಕೆಂಚವ್ವನನ್ನು ಕೂರಿಸಿದಳು. ಐದು ಗುಂಡಿ ಹಾಕಿದಳು. ಹುಲ್ಲು ಬರೆಯಲು ಬಗ್ಗಿದಳು.

ಕೈ ನಿಂತಿತು. ಟಾರು ರಸ್ತೆಯಲ್ಲಿ ಹುಲ್ಲು ಬೆಳೆಯುವುದಿಲ್ಲ.

ಅರಮನೆಯನ್ನು ಅವಳು ಕಂಡವಳಲ್ಲ, ಅಲ್ಲಿ ಹುಲ್ಲಿದ್ದರೂ ಇರಬಹುದು. ಇದು ಅವಳು ದಿನಾ ಗುಡಿಸುವ ಬೀದಿ. ಇಲ್ಲಿ ಹುಲ್ಲು ಬರೆದರೆ ಸುಳ್ಳಾಗುತ್ತದೆ. ಸರಿ, ಕಾಲನ್ನೇ ಬರೆಯೋಣ ಎಂದು ಕೂತಳು. ಮೊದಲ ಕಾಲು ಒನಕೆಯಾಯಿತು. ಎರಡನೆಯದು ಮಂಚದ ಕಾಲಾಯಿತು. ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ಹುಡುಕಿದಳು. ಇಪ್ಪತ್ತೈದು ವರ್ಷದಲ್ಲಿ ಗಾಳೆಪ್ಪನ ಗೊರಸು ಒಂದು ಸಲವೂ ಕಂಡಿರಲಿಲ್ಲ. ನಕಲು ಮಾಡಲು ಏನೂ ಇಲ್ಲ ಎಂದು ತಿಳಿದಾಗ ಅವಳಿಗೆ ಭಯವಾಯಿತು. ಹತ್ತು ವರ್ಷದಲ್ಲಿ ಮೊದಲ ಸಲ ಅವಳು ಒಬ್ಬಳೇ ಆಗಿದ್ದಳು.

ಮರುದಿನ ಬೆಳಿಗ್ಗೆ ಕೊರಳಿಗೆ ಟೇಪು ಹಾಕಿಕೊಂಡು ರೈಲ್ವೆ ಸ್ಟೇಷನ್ನಿನ ಜಟಕಾ ಸ್ಟ್ಯಾಂಡಿಗೆ ಹೋದಳು. ಅಲ್ಲಿ ಉಳಿದಿದ್ದುದು ಒಂದೇ ಜಟಕಾ, ಒಂದೇ ಕುದುರೆ. ಹೇಳದೆ ಕೇಳದೆ ಕುದುರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಟೇಪು ಬಿಚ್ಚಿ ಅದರ ಕಾಲಿನ ಅಳತೆ ತೆಗೆಯತೊಡಗಿದಳು.

“ಏನಮ್ಮೋ, ನನ್ ಕುದ್ರೆಗೆ ಪ್ಯಾಂಟು ಹೊಲೀತೀಯಾ?” ಎಂದ ಜಟಕಾದವ.

“ಮೊದ್ಲು ಕಾಲು ಹೆಂಗೈತೆ ಅಂತ ತಿಳೀಲಿ ಸುಮ್ಕಿರಣ್ಣ” ಎಂದಳು.

ಜಟಕಾದವ ನಕ್ಕು ಇಳಿದು ಬಂದ. ಕುದುರೆಯ ಕಾಲೆತ್ತಿ ತೋರಿಸಿದ. “ಇದು ಪಾದ ಅಲ್ಲಮ್ಮ, ಉಗುರು. ಕುದ್ರೆ ನಿಲ್ಲೋದೇ ಬೆರಳ ತುದೀಲಿ. ಅದ್ರಲ್ಲೇ ಊರೆಲ್ಲ ಓಡ್ತೈತೆ ನೋಡು” ಎಂದ.

ದರ್ಜಿ ಬೆರಗಾದಳು. ಇಷ್ಟು ದೊಡ್ಡ ಮೈ, ನಿಂತದ್ದು ಉಗುರ ಮೇಲೆ! ಅಳತೆ ಪುಸ್ತಕ ತೆಗೆದು, ಗಿರಾಕಿಗಳ ಹೆಸರಿನ ಕೆಳಗೆ ‘ಕುದುರೆ’ ಎಂದು ಬರೆದುಕೊಂಡಳು. ಮಂಡಿಯಿಂದ ಗೊರಸಿಗೆ ಇಷ್ಟು, ಗೊರಸಿನ ಸುತ್ತಳತೆ ಇಷ್ಟು. ಒಂದು ತಿಂಗಳು ದಿನಾ ಬೆಳಿಗ್ಗೆ ಹೋದಳು. ನಿಂತ ಕಾಲು, ನಡೆಯುವ ಕಾಲು, ನೊಣ ಓಡಿಸಲು ಅದುರುವ ಕಾಲು. ರವಿಕೆಗಳು ತಡವಾದವು, ಗಿರಾಕಿಗಳು ಬೈದರು. ಅವಳಿಗೆ ಬೈಗುಳವೂ ಹಿತವಾಗಿಯೇ ಕೇಳಿಸುತ್ತಿತ್ತು. ಅಚ್ಚಿನಂತೆ ಬರೆದಾಗ ಸಿಕ್ಕದಿದ್ದ ಸುಖ ಈ ಸೊಟ್ಟ ಕಾಲುಗಳಲ್ಲಿ ಸಿಗುತ್ತಿತ್ತು. ಯಾಕೆಂದು ಅವಳು ಯೋಚಿಸಲಿಲ್ಲ. ಪುರುಸೊತ್ತೂ ಇರಲಿಲ್ಲ.

ಚಿತ್ರ ಮುಗಿಯಿತು. ಕೆಂಚವ್ವ ಬೀದಿಯ ನಡುವೆ ಬರುತ್ತಿದ್ದಾಳೆ. ಗಾಳೆಪ್ಪನ ಮೂರು ಗೊರಸು ಟಾರಿನ ಮೇಲೆ, ಒಂದು ಗಾಳಿಯಲ್ಲಿ. ಹೂವಿನವಳು ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡು ಬೈಯುತ್ತಿದ್ದಾಳೆ.

ಆ ಭಾನುವಾರ ಪೋಸ್ಟ್ ಮಾಸ್ತರ ಚಿತ್ರವನ್ನು ನೋಡಿದ. ಗುಂಡಿ ಎಣಿಸಿದ. ಗಾಯ ನೋಡಿದ. ಗಾಳೆಪ್ಪನ ಕಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡ.

“ಹುಲ್ಲೆಲ್ಲಮ್ಮ?”

“ರಸ್ತೇಲಿ ಹುಲ್ಲಿರಲ್ವಲ್ಲ ಸಾರ್.”

“ಕಾಲು ಕಾಣೋ ಗಾಳೆಪ್ಪ ಗಾಳೆಪ್ಪನೇ ಅಲ್ಲ. ಇದು ಯಾವುದೋ ಜಟಕಾ ಕುದುರೆ” ಎಂದು ಚಿತ್ರವನ್ನು ಸುರುಳಿ ಸುತ್ತಿ ಅವಳ ಕೈಗಿತ್ತ. ಮುದುಕ ಕೆಟ್ಟವನಲ್ಲ. ಪ್ರೀತಿಸಿದ್ದನ್ನು ಕಾಯುತ್ತಿದ್ದ, ಅಷ್ಟೇ. ಆದರೆ ಹಗ್ಗದ ನಡುವೆ ಅವಳ ಜಾಗ ಆ ವರ್ಷ ಖಾಲಿ ಉಳಿಯಿತು. ದರ್ಜಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಅಳು ಬಂತು. ಮನೆಗೆ ಹೋಗಲು ಮಾತ್ರ ಮನಸ್ಸು ಬರಲಿಲ್ಲ. ತನ್ನ ಚಿತ್ರವನ್ನು ಆ ಚಿತ್ರಕಾರ ನೋಡದಿದ್ದರೆ ಬೇಡ, ತಾನಾದರೂ ಅವನನ್ನು ನೋಡಿ ಹೋಗೋಣ ಎಂದುಕೊಂಡಳು.

ಚಿತ್ರಕಾರ ಬಂದ. ಸಣ್ಣ ಆಳು, ಬೆರಳಿಗೆಲ್ಲ ಶಾಯಿ. ಹಗ್ಗದ ಉದ್ದಕ್ಕೂ ನಡೆಯುತ್ತಾ ಒಂದೊಂದೇ ಚಿತ್ರ ನೋಡಿದ. ನೂರಾರು ಕೆಂಚವ್ವ, ನೂರಾರು ಗಾಳೆಪ್ಪ, ಎಲ್ಲ ಕಡೆ ಮಂಡಿಯುದ್ದ ಹುಲ್ಲು. ಮೊದಲು ಅವನ ಮುಖದಲ್ಲಿ ನಗುವಿತ್ತು. ಹೋಗುತ್ತಾ ಹೋಗುತ್ತಾ ಅದು ಬಾಡಿತು. ಹಗ್ಗದ ತುದಿಯಲ್ಲಿ ಪೋಸ್ಟ್ ಮಾಸ್ತರ ನಲವತ್ತು ಪುಟದ ಪ್ರಬಂಧವನ್ನು ಎರಡೂ ಕೈಯಲ್ಲಿ ಒಪ್ಪಿಸಿ, ಹುಲ್ಲಿನ ಗುಟ್ಟನ್ನು ಇವತ್ತು ತಾವೇ ಹೇಳಬೇಕು ಎಂದು ಬೇಡಿಕೊಂಡ.

ಚಿತ್ರಕಾರ ತಲೆ ತಗ್ಗಿಸಿದ. ಆಚೆ ಈಚೆ ನೋಡಿದ. ಕೊನೆಯ ಬೆಂಚಿನಲ್ಲಿ ಸುರುಳಿ ಹಿಡಿದು ಕೂತವಳು ಕಂಡಳು. ಮಾತು ತಪ್ಪಿಸಿಕೊಳ್ಳಲು ಅದೇ ನೆಪವಾಯಿತು. ನೇರ ಹೋಗಿ ಕೈ ಚಾಚಿದ. ಅವಳು ಬೇಡ ಬೇಡ ಎನ್ನುತ್ತಲೇ ಕೊಟ್ಟಳು.

ಸುರುಳಿ ಬಿಚ್ಚಿದ. ನೋಡಿದ. ನೋಡುತ್ತಲೇ ಬೆಂಚಿನ ಮೇಲೆ ಕುಸಿದು ಕೂತ. ಆಮೇಲೆ ಅವನು ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ನಂಗೆ ಕುದುರೆ ಕಾಲು ಬರೆಯಕ್ಕೆ ಬರಲ್ಲ ಕಣ್ರಪ್ಪ” ಎಂದ. “ಮೊದಲ ಸಂಚಿಕೆಗೆ ಮೂರು ದಿನ ಒದ್ದಾಡಿದೆ. ಬರಲಿಲ್ಲ. ಹುಲ್ಲು ಬಿತ್ತಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲವನ್ನೇ ಮುಚ್ಚಿಬಿಟ್ಟೆ. ಇವತ್ತು ಯಾರಾದ್ರೂ ಹಿಡಿದುಹಾಕ್ತಾರೆ, ನಾಳೆ ಹಿಡಿದುಹಾಕ್ತಾರೆ ಅಂತ ಇಪ್ಪತ್ತೈದು ವರ್ಷ ಹೆದರಿಕೊಂಡೇ ಇದ್ದೆ. ನೀವು ನೋಡಿದರೆ ಎಲ್ಲರೂ ಸೇರಿ ಒಕ್ಕಲುತನ ಮಾಡಿದ್ದೀರಿ!”

ಎಲ್ಲರೂ ಪೋಸ್ಟ್ ಮಾಸ್ತರನ ಮುಖ ನೋಡಿದರು. ಮುದುಕ ತನ್ನ ಪ್ರಬಂಧವನ್ನು ನೋಡಿದ, ಹಗ್ಗವನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಗಲಿಕ್ಕೆ ಹತ್ತಿದ. ಆಮೇಲೆ ನಗದವರು ಯಾರೂ ಉಳಿಯಲಿಲ್ಲ. ಮುದುಕನೇ ಎರಡು ಕ್ಲಿಪ್ಪು ತಂದು ದರ್ಜಿಯ ಚಿತ್ರವನ್ನು ಹಗ್ಗದ ನಡುಮಧ್ಯಕ್ಕೆ ಹಾಕಿದ.

ಚಿತ್ರಕಾರ ಅದರ ಮುಂದೆ ನಿಂತೇ ಇದ್ದ. ಕೊನೆಗೆ ದರ್ಜಿಯ ಹತ್ತಿರ ಬಂದು, ಮೆಲ್ಲಗೆ, ನಾಲ್ಕು ಜನಕ್ಕೆ ಕೇಳಿಸದ ಹಾಗೆ, “ನಂಗೂ ಹೇಳಿಕೊಡ್ತೀಯೇನಮ್ಮ?” ಎಂದು ಕೇಳಿದ.

ಹತ್ತು ವರ್ಷ ಅವಳು ಬಯಸಿದ್ದು ಅವನ ಒಂದು ನೋಟ. ಈಗ ಅವನು ಶಿಷ್ಯನ ಹಾಗೆ ಮುಂದೆ ನಿಂತಿದ್ದ. ದರ್ಜಿಗೆ ನಾಚಿಕೆಯಾಯಿತು, ನಗುವೂ ಬಂತು. ಆದರೂ ಗಂಭೀರವಾಗಿ ಅಳತೆ ಪುಸ್ತಕ ತೆಗೆದು ‘ಕುದುರೆ’ ಎಂದಿದ್ದ ಪುಟ ಬಿಚ್ಚಿದಳು. ಅವನು ಕನ್ನಡಕ ಏರಿಸಿಕೊಂಡು ಬಗ್ಗಿದ. ಎರಡು ತಿಂಗಳ ನಂತರ ಬಂದ ಸಂಚಿಕೆಯಲ್ಲಿ ಗಾಳೆಪ್ಪ ಮೊದಲ ಸಲ ಬರಿಯ ಬಂಡೆಯ ಮೇಲೆ ಓಡಿದ. ಇದು ಗಾಳೆಪ್ಪನಲ್ಲ ಎಂದು ಇನ್ನೂರು ಜನ ಸಂಪಾದಕರಿಗೆ ಕಾಗದ ಬರೆದರಂತೆ, ಆ ಮಾತು ಬೇರೆ.

ಗುರುಗಳು ಕತೆ ನಿಲ್ಲಿಸಿದರು.

“ಆಮೇಲೆ ದರ್ಜಿ ಕೆಂಚವ್ವನನ್ನು ಬಿಟ್ಟು ತನ್ನದೇ ಕಾಮಿಕ್ಸ್ ಬರೆದಳೇ?” ಎಂದು ಶಿಷ್ಯ ಕೇಳಿದ.

“ಬಿಡಲಿಲ್ಲ. ಪ್ರೀತಿಸಿದ್ದನ್ನು ಯಾಕೆ ಬಿಡಬೇಕು? ಆದರೆ ಆ ಬೈಯುವ ಹೂವಿನವಳು ಜನಕ್ಕೆ ಬಹಳ ಹಿಡಿಸಿದಳು. ಅವಳು ಇನ್ನೇನು ಬೈಯುತ್ತಾಳೆ ಎಂದು ಕೇಳತೊಡಗಿದರು. ದರ್ಜಿ ಅದನ್ನೂ ಬರೆದಳು.”

ಶಿಷ್ಯನ ಮುಖ ಅರಳಿತು. ಮೂರು ಪುಸ್ತಕಗಳನ್ನೂ ಎದೆಗವಚಿಕೊಂಡು ಎದ್ದು ನಿಂತ. “ತಿಳಿಯಿತು ಗುರುಗಳೇ. ಇವತ್ತೇ ಕೂತು ನನ್ನ ವೀರನನ್ನು ಬರೆಯುವವನು ಎಲ್ಲೆಲ್ಲಿ ಹುಲ್ಲು ಬಿತ್ತಿದ್ದಾನೆ ಎಂದು ಹುಡುಕುತ್ತೇನೆ” ಎಂದ.

ಗುರುಗಳು ನಕ್ಕು ಗೋಡೆಯ ಮೇಲಿನ ತಮ್ಮದೇ ಚಿತ್ರಗಳ ಕಡೆ ಕೈ ತೋರಿಸಿದರು. “ಅವನದು ಆಮೇಲೆ, ಮೂರು ವರ್ಷದಿಂದ ನನ್ನ ಹತ್ತಿರ ಕಲಿಯುತ್ತಿದ್ದೀಯಲ್ಲ, ನನ್ನ ಹುಲ್ಲು ಎಲ್ಲಿದೆ ಹೇಳು.”