ಎಂಟು ಗಂಟೆಯ ಪಾಠ

ನಮ್ಮ ಪೈಪ್‌ಲೈನ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪಾಠವನ್ನು ಅತಿ ಹೆಚ್ಚು ಕೇಳಿದವರು ಮ್ಯಾನೇಜರ್ ಶ್ರೀಕಂಠಸ್ವಾಮಿ ಎಂದು ಎಲ್ಲರೂ ನಂಬಿದ್ದರು. ಅವರ ಗೋಡೆಯ ತುಂಬ ಸರ್ಟಿಫಿಕೇಟುಗಳಿದ್ದವು.

ಅವರ ಕೈಕೆಳಗಿನ ಗುಮಾಸ್ತೆಗೂ ಒಂದು ಸರ್ಟಿಫಿಕೇಟಿತ್ತು. ಅದು ಉಳಿಯಬೇಕಾದರೆ ತಿಂಗಳೊಳಗೆ ಇನ್ನೂ ಎಂಟು ಗಂಟೆಯ ಕಲಿಕೆ ತೋರಿಸಬೇಕಿತ್ತು. ಕೋರ್ಸಿನ ಶುಲ್ಕ ಅವಳ ಸಂಬಳಕ್ಕಿಂತ ಹೆಚ್ಚು.

“ಕಂಪನಿ ದುಡ್ಡು ಕೊಡಲ್ಲಮ್ಮ. ಸರ್ಟಿಫಿಕೇಟ್ ಹೋದರೆ ಕೆಲಸವೂ ಹೋಯಿತು ಅಂದ್ಕೋ,” ಎಂದರು ಸ್ವಾಮಿ.

“ದುಡ್ಡು ಬೇಡ ಸರ್. ಬೇರೆಯವರಿಗೆ ಪಾಠ ಹೇಳಿದ ಗಂಟೇನೂ ಕಲಿಕೆಯ ಲೆಕ್ಕಕ್ಕೆ ಸೇರುತ್ತೆ. ಶನಿವಾರ ಶನಿವಾರ ನಮ್ಮ ಆಫೀಸಿನವರಿಗೇ ಹೇಳ್ತೀನಿ. ನೀವು ಒಪ್ಪಿ ಸಹಿ ಹಾಕಿದರೆ ಸಾಕು.”

“ನೀನು ಪಾಠ ಹೇಳೋದಾ? ಏನಮ್ಮ ಕಲಿತಿದ್ದೀಯ ನೀನು?”

“ಮೂರು ವರ್ಷದಿಂದ ನಿಮ್ಮ ಹೆಸರಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತಿರೋಳು ನಾನೇ ಅಲ್ವಾ ಸರ್? ನಾನೇನೂ ಕಲಿತಿಲ್ಲ ಅಂತ ಬರೆದುಕೊಟ್ಟುಬಿಡಿ.”

ಸ್ವಾಮಿ ಗೋಡೆ ನೋಡಿದರು. ಬಾಗಿಲು ಮುಚ್ಚಿದೆಯೇ ಎಂದು ನೋಡಿದರು. ಪೆನ್ನು ತೆಗೆದರು.

ಅವಳ ಕೆಲಸ ಉಳಿಯಿತು. ಸಂಬಳ ಏರಲಿಲ್ಲ.

ಮೊದಲ ಶನಿವಾರ ಸ್ವಾಮಿಯೂ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಇವಳು ಎಲ್ಲರೆದುರು ಏನು ಹೇಳಿಬಿಡುತ್ತಾಳೋ ಎಂಬ ಭಯ. ಅವಳು ಪಾಠವನ್ನಷ್ಟೇ ಹೇಳಿದಳು.

ಅವರು ಕೂತು ಕೇಳಿದ ಮೊದಲ ಪಾಠ ಅದು.