ಕೈ ಹಿಡಿದು ತಿದ್ದಿಸಿದ ನೀಲವ್ವ

ಹಾಲಗುಂಡಿಯ ಸಣ್ಣ ಮಠದ ಪಡಸಾಲೆಯಲ್ಲಿ ಪೂಜ್ಯ ನಿರ್ವಾಣಯ್ಯನವರು ಅಂದು ಮುಂಜಾನೆ ವಿಭೂತಿಗೆಂದು ಸುಟ್ಟ ಬೂದಿಯನ್ನು ಸ್ವಹಸ್ತದಿಂದ ಜರಡಿ ಹಿಡಿಯುತ್ತಿದ್ದರು. ಮೈಮೇಲೆ ಒಂದೇ ಕಾವಿ ಪಂಚೆ, ಗಡ್ಡದ ತುಂಬ ಬೂದಿ. ಗುರುತಿಲ್ಲದವರು ಮಠದ ಆಳೆಂದೇ ತಿಳಿಯಬೇಕು.

ಅಲ್ಲಿಗೆ ಶಾಲೆಯ ಕಲ್ಮೇಶಪ್ಪ ಮಾಸ್ತರು ಬಂದರು. ಹಿಂದೆ ಸಾತವ್ವ, ಅವಳ ಸೆರಗು ಹಿಡಿದು ಆರು ವರ್ಷದ ಮಗಳು ನೀಲವ್ವ. ಮಾಸ್ತರಿಗೆ ಸ್ವಾಮಿಗಳಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಸಾತವ್ವನ ಕಾಟ ತಾಳದೆ ಬಂದಿದ್ದರು.

“ವರ್ಷಾತು ಅಪ್ಪಾರ, ಈ ಹುಡುಗಿಗೆ ‘ಅ’ ಸೈತ ಬರವಲ್ದು. ಶಾಲಿ ಬಿಡಿಸು, ಕುರಿ ಕಾಯಲಿ ಅಂದ್ರ ಈಕಿ ಅವ್ವ ಕೇಳವಲ್ಲಳು,” ಎಂದರು.

“ನಾನಂತೂ ಹೆಬ್ಬೆಟ್ಟು. ಇದಾದ್ರೂ ನಾಕಕ್ಷರ ಓದ್ಲಿ ನನ್ನಪ್ಪಾ,” ಎಂದು ಸಾತವ್ವ ಕಣ್ಣೊರೆಸಿಕೊಂಡಳು.

ಪೂಜ್ಯರು ಬೂದಿಯನ್ನು ಕಲ್ಲುಹಾಸಿನ ಮೇಲೆ ತೆಳ್ಳಗೆ ಹರವಿ, ‘ಅ’ ಬರೆದು, ತಮ್ಮ ಬಲಗೈಯನ್ನು ಕೂಸಿನ ಮುಂದೆ ಚಾಚಿದರು.

“ನನಗ ತಿದ್ದಿಸವ್ವಾ.”

ಅಕ್ಷರ ತಿದ್ದಿಸುವಾಗ ಕಲಿಸುವವರು ಕಲಿಯುವವರ ಕೈ ಹಿಡಿಯುವುದು ರೂಢಿ. “ಅಪ್ಪಾರದು ಇನ್ನೂ ಓನಾಮನೇ ಆಗಿಲ್ಲೇನು?” ಎಂದು ಮಾಸ್ತರು ಮೀಸೆಯಲ್ಲೇ ನಕ್ಕರು.

ನೀಲವ್ವ ಅಳುಕುತ್ತಲೇ ಪೂಜ್ಯರ ಬೆರಳು ಹಿಡಿದಳು. ಬರೆದ ಗೆರೆಯ ಮೇಲೆಯೇ ಅದನ್ನು ಮೆಲ್ಲಗೆ ಸುತ್ತಿಸಿದಳು. ಕಡೆಗೆ ಸ್ಪಷ್ಟವಾಗಿ “ಅ” ಎಂದಳು.

ಮಾಸ್ತರ ನಗು ಅಲ್ಲಿಗೇ ನಿಂತಿತು. ವರ್ಷವಿಡೀ ಬಿಚ್ಚದ ಬಾಯಿ ಅದು!

“ಏಸು ಬಿಗಿ ಹಿಡದೀ ಯವ್ವಾ! ಸಡ್ಲ ಬಿಡ,” ಎಂದರು ಪೂಜ್ಯರು.

“ಬಿಡಬಾರದ್ರೀ ಅಜ್ಜಾ. ಮಾಸ್ತರು ಹಿಂಗ ಹಿಡೀತಾರ. ಅತ್ರೂ ಬಿಡೂದಿಲ್ಲ.”

ಮಾಸ್ತರಿಗೆ ನೆಲ ನೋಡುವಂತಾಯಿತು. ಎಷ್ಟು ಪುಟ್ಟ ಬೆರಳುಗಳು ತಮ್ಮ ಮುಷ್ಟಿಯಲ್ಲಿ ಬೆಳ್ಳಗಾಗಿದ್ದವೋ! ಮಗುವಿಗೆ ಅಕ್ಷರ ಬರುತ್ತಿತ್ತು. ತಮ್ಮೆದುರಿಗೆ ಮಾತ್ರ ಬರುತ್ತಿರಲಿಲ್ಲ.

ಪೂಜ್ಯರು ಮೆಲ್ಲಗೆ ನುಡಿದರು: “ಮಾಸ್ತರ, ಇನ್ನ ನಿಮ್ಮ ಕೈ ಕೊಡ್ರಿ.”

ಮಾಸ್ತರು ಬೂದಿಯ ಮುಂದೆ ಕುಳಿತು ಕೈ ಚಾಚಿದರು. ನೀಲವ್ವ ಮುಟ್ಟಲಿಲ್ಲ, ತಾಯಿಯ ಮಗ್ಗುಲಿಗೆ ಸರಿದಳು. ಆ ಕ್ಷಣ ಮಾಸ್ತರ ಎದೆಗೆ ಏನು ನಾಟಿತೋ ಶಿವನೇ ಬಲ್ಲ. ಕಣ್ತುಂಬಿ ಬಂದು ಪೂಜ್ಯರ ಪಾದಕ್ಕೆ ಬಾಗಿದರು.

ಪೂಜ್ಯರು ಪಾದ ಹಿಂದೆಳೆದುಕೊಂಡರು. “ಇಲ್ಲಿ ಅಲ್ಲ. ನಿಮ್ಮ ಗುರು ಅಲ್ಲಿ ಕುಂತೈತಿ.”

ಮಾಸ್ತರು ಆ ಕೂಸಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. “ತಪ್ಪಾತವ್ವಾ, ಕಲಿಸು,” ಎಂದು ಅಂಗೈ ಬಿಚ್ಚಿ ಕಾದರು. ಬಹಳ ಹೊತ್ತು ಕಾದರು. ಕಡೆಗೆ ನೀಲವ್ವ ಬಂದು, ಹೂವು ಇಟ್ಟಷ್ಟು ಹಗುರಾಗಿ, ಒಂದೇ ಬೆರಳು ಇಟ್ಟಳು.